ಬಿಸ್ಕತ್ತಿನ ತಟ್ಟೆ ಕೊಡದ ದಿನ

ಕಾಲೇಜಿನಲ್ಲಿ ಪಾಠ ಹೇಳುವವರೂ ತಡವಾಗಿ ಬರುತ್ತಾರೆ, ಹಿಂದಿನ ಬೆಂಚು ಹುಡುಕಿ ಕೂತು ತೂಕಡಿಸುತ್ತಾರೆ, ಊಟಕ್ಕೆ ಎಷ್ಟು ಹೊತ್ತಿದೆ ಎಂದು ಗಡಿಯಾರ ನೋಡುತ್ತಾರೆ. ಇದು ನನಗೆ ಗೊತ್ತಾದದ್ದು ನವಿ ಮುಂಬಯಿಯಲ್ಲಿ ಅಧ್ಯಾಪಕರ ತರಬೇತಿ ಕೇಂದ್ರವೊಂದರ ಜವಾನನಾದ ಮೇಲೆ. ನಾನು ಉಡುಪಿ ಕಡೆಯವನು. ಹತ್ತನೆಯ ತರಗತಿ ಮುಗಿಸಿ ಬಂದು ಠಾಣೆ ಊರಿನ ನೌಪಾಡಾದ ಹೊಟೇಲಿನಲ್ಲಿ ಬಹಳ ವರ್ಷ ದುಡಿದೆ. ಅಲ್ಲಿಗೆ ದಿನಾ ಇಡ್ಲಿ ತಿನ್ನಲು ಬರುತ್ತಿದ್ದ ಒಬ್ಬರು ಪ್ರೊಫೆಸರು ಈ ಕೆಲಸ ಕೊಡಿಸಿದರು. ಮನೆ ಕೋಪರಖೈರಣೆಯಲ್ಲಿ. ಕೇಂದ್ರಕ್ಕೆ ನಡೆದೇ ಹೋಗುತ್ತಿದ್ದೆ.

ಬೇರೆ ಬೇರೆ ಕಾಲೇಜುಗಳ ಅಧ್ಯಾಪಕರು ಅಲ್ಲಿಗೆ ಮೂರು ವಾರಗಳ ರಿಫ್ರೆಶರ್ ಕೋರ್ಸಿಗೆ ಬರುತ್ತಿದ್ದರು. ಅದು ಮುಗಿಸಿದ ಸರ್ಟಿಫಿಕೇಟ್ ಇಲ್ಲದಿದ್ದರೆ ಬಡ್ತಿ ಇಲ್ಲ. ಕೊನೆಯ ವಾರ ಪ್ರತಿಯೊಬ್ಬರೂ ಉಳಿದವರ ಎದುರು ನಿಂತು ಒಂದು ಮಾದರಿ ಪಾಠ ಮಾಡಬೇಕು. ತನ್ನ ಸರದಿ ಬಂದಾಗ ಪಾಠ ನಡೆಯುವ ಹಾಲಿನಲ್ಲಿ ಇಲ್ಲದವರಿಗೆ ಸರ್ಟಿಫಿಕೇಟ್ ಸಿಗುತ್ತಿರಲಿಲ್ಲ. ಬೆಳಿಗ್ಗೆ ಪಾಠ ಶುರುವಾದ ಕೂಡಲೇ ದೊಡ್ಡ ಬಾಗಿಲು ಹಾಕಬೇಕು, ಊಟದವರೆಗೆ ಯಾರಿಗೂ ತೆಗೆಯಬಾರದು ಎಂಬುದು ಕೋರ್ಸು ನಡೆಸುತ್ತಿದ್ದ ಸಾಹೇಬರ ನಿಯಮ. ಬೀಗದಕೈ ನನ್ನ ಹತ್ತಿರ.

ಆದರೆ ಆ ಹಾಲಿಗೂ ಚಹಾ ಮಾಡುವ ಕೋಣೆಗೂ ನಡುವೆ ಒಂದು ಸಣ್ಣ ಬಾಗಿಲಿತ್ತು. ಹೊತ್ತಿಗೆ ಸರಿಯಾಗಿ ನಾನು ಚಹಾದ ಟ್ರೇ ಹಿಡಿದು ಆ ಬಾಗಿಲಿನಿಂದ ಒಳಗೆ ಹೋಗುತ್ತಿದ್ದೆ. ತಡವಾಗಿ ಬಂದವರು ಬಿಸ್ಕತ್ತಿನ ತಟ್ಟೆ ಎತ್ತಿಕೊಂಡು ನನ್ನ ಹಿಂದೆ ಬರುತ್ತಿದ್ದರು. ಮೊದಲಿನಿಂದಲೂ ಒಳಗೇ ಇದ್ದವರು, ಪಾಪ, ನನಗೆ ನೆರವಾಗಲು ಎದ್ದು ಬಂದವರು ಎಂಬ ಹಾಗೆ. ಎಲ್ಲರಿಗೂ ಗೊತ್ತಿದ್ದ ನಾಟಕ. ಸಾಹೇಬರೂ ಆ ತಟ್ಟೆಯಿಂದಲೇ ಬಿಸ್ಕತ್ತು ತೆಗೆದುಕೊಂಡು ಸುಮ್ಮನಿರುತ್ತಿದ್ದರು. ರೈಲಿನಲ್ಲಿ ಓಡಾಡುವವರ ಕಷ್ಟ ಅವರಿಗೂ ತಿಳಿದಿತ್ತು.

ಒಂದು ವರ್ಷ ಧಾರವಾಡ ಕಡೆಯ ಒಬ್ಬರು ಮೇಡಂ ಬಂದರು. ಕಲ್ಯಾಣದ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದರು. ಮನೆ ಡೊಂಬಿವಲಿಯ ಎಂಐಡಿಸಿ ಕಾರ್ಖಾನೆಗಳ ಹತ್ತಿರ. ಎರಡು ವರ್ಷದ ಮಗಳನ್ನು ಪಕ್ಕದ ಮನೆಯವರ ಕೈಗೆ ಕೊಟ್ಟು, ಠಾಣೆಯಲ್ಲಿ ರೈಲು ಬದಲಿಸಿ ಬರುತ್ತಿದ್ದರು. ಮೊದಲ ದಿನ ನಾನು ಮನೆಗೆ ಫೋನ್ ಮಾಡುವುದು ಅವರ ಕಿವಿಗೆ ಬಿತ್ತು.

"ಅಯ್ಯ, ನೀವು ನಮ್ಮ ಕಡೀಯವ್ರೇನ್ರಿ ಕಾಕಾ? ಮೊದಲ ಹೇಳೂದಲ್ಲೇನು!"

"ನಿಮ್ಮ ಕಡೆ ಅಲ್ಲ ಮೇಡಂ, ನಾವು ಸಮುದ್ರದ ಕಡೆಯವರು."

"ಕನ್ನಡ ಅಂದ್ರ ಎಲ್ಲಾ ನಮ್ಮ ಕಡೀನ ಬಿಡ್ರಿ."

ಅಂದಿನಿಂದ ಹಾಲಿನ ಆ ತುದಿಯಿಂದಲೂ ನನ್ನನ್ನು ಕನ್ನಡದಲ್ಲೇ ಕರೆಯುತ್ತಿದ್ದರು. ಮೊದಮೊದಲು ಖುಷಿಯಾಯಿತು. ಆಮೇಲೆ ಮುಜುಗರ ಶುರುವಾಯಿತು. ಒಂದು ದಿನ ತಿಂಡಿಗೆ ವಡೆ ಇತ್ತು. ನನ್ನ ಜೊತೆಯ ಇನ್ನೊಬ್ಬ ಜವಾನ, ಮರಾಠಿಯವನು, ಎಲ್ಲರ ಎದುರೇ ಕೇಳಿದ:

"ಕಾಯ್ ಅಣ್ಣಾ, ತುಮ್ಚ್ಯಾ ಮ್ಯಾಡಮ್‌ಲಾ ದೋನ್ ವಡೆ, ಆಮ್ಹಾಲಾ ಏಕ್?"

ನಿಮ್ಮ ಮೇಡಂಗೆ ಎರಡು ವಡೆ, ನಮಗೆ ಒಂದೇನಾ ಎಂದು. ನಾನು ಯಾರಿಗೂ ಎರಡು ಕೊಟ್ಟಿರಲಿಲ್ಲ. ಆದರೂ ಎಲ್ಲರೂ ನಕ್ಕರು. ಅಲ್ಲೇ ನಿಂತಿದ್ದ ಸಾಹೇಬರು, "ಅಣ್ಣಾ ಕಾ ಭೀ ಅಪ್ನಾ ವೋಟ್ ಬ್ಯಾಂಕ್ ಹೈ" ಅಂದರು, ಅಣ್ಣನಿಗೂ ತನ್ನದೇ ವೋಟ್ ಬ್ಯಾಂಕ್ ಇದೆ ಎಂದು. ಮತ್ತೆ ನಗು. ಮೇಡಮ್ಮೂ ನಕ್ಕರು. ನನಗೆ ಮಾತ್ರ ಅದು ಚುಚ್ಚಿತು. ನೌಪಾಡಾದ ಹೊಟೇಲಿನಲ್ಲಿ ಇದ್ದಾಗಲೂ ಗಿರಾಕಿಗಳು ಹೀಗೇ ಆಡಿಕೊಳ್ಳುತ್ತಿದ್ದರು, ನೀವು ನಿಮ್ಮವರಿಗೇ ಬಡಿಸುತ್ತೀರಿ ಎಂದು. ಹೊರಗಿನಿಂದ ಬಂದವನಿಗೆ ಅಂಥ ಮಾತಿನ ಹೆದರಿಕೆ ಬಹಳ. ನಾನು ಯಾರ ಪಕ್ಷದವನೂ ಅಲ್ಲವೆಂದು ತೋರಿಸಲು ಕಾಯುತ್ತಿದ್ದೆ.

ಮೇಡಂ ಪಾಠದ ಸರದಿ ಬಂದದ್ದು ಅದಾದ ಕೆಲವೇ ದಿನಗಳಲ್ಲಿ. ಚಹಾ ಮುಗಿದ ಕೂಡಲೇ ಅವರದು. ಅಂದು ಬೆಳಿಗ್ಗೆ ಕಲ್ಯಾಣದ ಕಡೆಯ ರೈಲುಗಳೆಲ್ಲ ಕೆಟ್ಟು ನಿಂತಿದ್ದವು. ನಾನು ಕಪ್ಪುಗಳಿಗೆ ಚಹಾ ತುಂಬಿಸುತ್ತಿದ್ದಾಗ ಅವರು ಓಡುತ್ತ ಬಂದರು. ಸೀರೆಯ ನೆರಿಗೆ ಅಸ್ತವ್ಯಸ್ತವಾಗಿತ್ತು. ಕಂಕುಳಲ್ಲಿ ಸುತ್ತಿದ ಒಂದು ಚಾರ್ಟು.

"ದಿವಾ ಹತ್ರ ಗಾಡಿ ನಿಂತಬಿಡ್ತ್ರಿ ಕಾಕಾ, ಹಳಿ ಮ್ಯಾಲೆ ಇಳದು ರಸ್ತೆತನಕ ನಡಕೋತ ಬಂದು ರಿಕ್ಷಾ ಹಿಡದೆ. ಛಹಾ ಇನ್ನೂ ಹೋಗಿಲ್ಲಲ್ಲ? ಬದುಕಿದೆ!"

ಹೇಳುತ್ತಲೇ ಬಿಸ್ಕತ್ತಿನ ತಟ್ಟೆಗೆ ಕೈ ಹಾಕಿದರು. ನನ್ನ ಜೊತೆಯವನು ಮೂಲೆಯಲ್ಲಿ ಸಕ್ಕರೆ ಡಬ್ಬಿ ಹಿಡಿದು ನನ್ನನ್ನೇ ನೋಡುತ್ತಿದ್ದ. ನಾನು ತಟ್ಟೆಯನ್ನು ಈಚೆಗೆ ಎಳೆದುಕೊಂಡೆ.

"ಇವತ್ತು ಯಾರನ್ನೂ ಬಿಡುದು ಬೇಡ ಅಂತ ಸಾಹೇಬರು ಹೇಳಿದ್ದಾರೆ ಮೇಡಂ."

ಸಾಹೇಬರು ಹಾಗೆ ಹೇಳಿರಲಿಲ್ಲ. ಹಿಂದಿನ ದಿನವಷ್ಟೇ ಠಾಣೆಯ ಒಬ್ಬರು ಸರ್ ಇದೇ ತಟ್ಟೆ ಹಿಡಿದು ಒಳಗೆ ಹೋಗಿದ್ದರು.

ಅವರ ಮುಖ ಇಳಿದುಹೋಯಿತು. "ಒಂದ್ಸಲ ಕೇಳಿ ನೋಡ್ರಿ ಕಾಕಾ. ನನ್ನ ಪಾಠ ಐತಿ ಇವತ್ತ. ನೀವು ಹೇಳಿದ್ರ ಕೇಳ್ತಾರ."

"ಕೇಳ್ತೆ, ಇಲ್ಲೇ ನಿಲ್ಲಿ" ಎಂದು ಒಳಗೆ ಹೋದೆ. ಸಾಹೇಬರು ಕಿಟಕಿಯ ಪಕ್ಕ ನಿಂತಿದ್ದರು. ಅವರ ಕೈಗೆ ಕಪ್ಪು ಕೊಟ್ಟೆ. ಬಾಯಿ ತೆರೆಯಲಿಲ್ಲ. ಎಲ್ಲರಿಗೂ ಚಹಾ ಕೊಟ್ಟು, ಖಾಲಿ ಟ್ರೇ ಹಿಡಿದು ಹೊರಗೆ ಬಂದು, "ಇಲ್ಲ ಅಂದ್ರು" ಅಂದೆ.

ಬಾಗಿಲಿನಾಚೆ ಅವರ ಹೆಸರು ಕರೆದರು. ಸ್ವಲ್ಪ ಬಿಟ್ಟು ಇನ್ನೊಮ್ಮೆ ಕರೆದರು. ಮೇಡಂ ಚಾರ್ಟನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು. ಮುಂದಿನವರ ಹೆಸರು ಬಂತು. ಆಗ ನಲ್ಲಿಯಲ್ಲಿ ಮುಖ ತೊಳೆದುಕೊಂಡು, ಸ್ಟೂಲಿನ ಮೇಲೆ ಕೂತರು. ನಾನು ಕೊಟ್ಟ ಚಹಾ ಕುಡಿದರು.

"ನಿಮ್ದೇನ್ ತಪ್ಪೈತ್ರಿ ಕಾಕಾ, ನೌಕರಿ ಅಂದ್ರ ನೌಕರಿ. ಕೇಳಿದ್ರಲ್ಲ, ಅಷ್ಟ ಸಾಕು."

ನನ್ನ ಜೊತೆಯವನು ಡಬ್ಬಿ ಕೆಳಗಿಟ್ಟು ಹೊರಗೆ ಹೋದ. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಮತ್ತೆಂದೂ ಅವನು ನನ್ನನ್ನು ವಡೆಯ ವಿಷಯಕ್ಕೆ ಗೇಲಿ ಮಾಡಲಿಲ್ಲ. ನಾನು ಬಯಸಿದ್ದು ಅದನ್ನೇ. ಸಿಕ್ಕಿದ ಮೇಲೆ ಅದರಿಂದ ಏನೂ ಸುಖವಾಗಲಿಲ್ಲ.

ಸರ್ಟಿಫಿಕೇಟ್ ಕೊಡುವ ದಿನ ಅವರು ಬರಲಿಲ್ಲ. ಮುಂದಿನ ವರ್ಷ ಮತ್ತೆ ಅದೇ ಕೋರ್ಸಿಗೆ, ಮೊದಲಿನಿಂದ ಮಾಡಲು ಬಂದರು. ಈ ಸಲ ನಾನು ಬೀಗ ತೆಗೆಯುವ ಮುಂಚೆಯೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಕತ್ತಲಿರುವಾಗಲೇ ಮನೆ ಬಿಡುತ್ತಾರಂತೆ. ಮಗಳಿಗೆ ಈಗ ತಿಳಿವಳಿಕೆ ಬಂದಿದೆ, ಹೊರಡುವಾಗ ಸೆರಗು ಹಿಡಿದು ಅಳುತ್ತಾಳಂತೆ.

"ನಿಮ್ಮ ಬಡ್ತಿ ಎಂತ ಆಯ್ತು ಮೇಡಂ?" ಎಂದು ಒಂದು ಬೆಳಿಗ್ಗೆ ಕೇಳಿದೆ.

"ಎಲ್ಲೀದು ತಗೀರಿ! ನನ್ನ ನಂತರ ಸೇರಿದಾಕಿ ಈಗ ನಮ್ಮ ವಿಭಾಗದ ಹೆಡ್ ಆಗ್ಯಾಳ. ರಜಾ ಬೇಕಂದ್ರ ಆಕೀನ್ನ ಕೇಳಬೇಕು." ನಗುತ್ತಲೇ ಹೇಳಿದರು.

ನಾನು ಬೀಗ ತೆಗೆಯುವುದನ್ನು ನಿಲ್ಲಿಸಿ, "ಮೇಡಂ, ಅವತ್ತು ನಾನು..." ಅಂದೆ.

"ಆ ಮಾತ್ಯಾಕ್ರಿ ಈಗ? ನಮ್ಮ ಸಲುವಾಗಿ ಇಲ್ಲಿ ಯಾರು ಹೋಗಿ ಕೇಳ್ತಾರ? ನೀವು ಕೇಳಿದ್ರಿ."

ಬಾಯಿಗೆ ಬಂದದ್ದು ಹಾಗೇ ಒಳಗೆ ಹೋಯಿತು. ಅವರು ನನಗೆ ಕೊಟ್ಟ ಮರ್ಯಾದೆ ಬಿಡಲು ಮನಸ್ಸಾಗಲಿಲ್ಲ. ಮಾಡಿದ ತಪ್ಪಿಗಿಂತ ಆ ಬೆಳಗಿನ ಮೌನವೇ ಈಗ ನನ್ನನ್ನು ಹೆಚ್ಚು ಸುಡುವುದು.

ಅವರು ಪಾಠ ಮಾಡಿದ್ದು ಹಳೆಯ ಚಾರ್ಟಿನಿಂದಲೇ. ಠಾಣೆಯ ಖಾಡಿಗೆ, ಅಂದರೆ ಅಳಿವೆಗೆ, ಸಮುದ್ರದ ನೀರು ಹೇಗೆ ಏರಿ ಬರುತ್ತದೆ ಎಂಬ ಚಿತ್ರ. ಮಡಚಿದ ಗೆರೆಗಳು ಬಿದ್ದಿದ್ದವು. ಒಂದು ಕಡೆ ನೀಲಿ ಬಣ್ಣದಲ್ಲಿ ಸಣ್ಣ ಮಗುವಿನ ಕೈ ಮೂಡಿತ್ತು. ಅದನ್ನು ಹಾಗೇ ಬಿಟ್ಟಿದ್ದರು. ಸಣ್ಣ ಬಾಗಿಲನ್ನು ಸ್ವಲ್ಪ ತೆರೆದು ನಾನು ಪೂರ್ತಿ ಕೇಳಿದೆ. ಅಷ್ಟು ಓದದ ನನಗೂ ತಿಳಿಯುವ ಹಾಗೆ ಹೇಳಿದರು. ಹಾಲಿನಲ್ಲಿ ಯಾರೂ ತೂಕಡಿಸಲಿಲ್ಲ.

ಕೊನೆಯ ದಿನ ಗಂಡನನ್ನೂ ಮಗಳನ್ನೂ ಕರೆದುಕೊಂಡು ಬಂದಿದ್ದರು. ಸರ್ಟಿಫಿಕೇಟ್ ಹಿಡಿದು ನೇರ ಚಹಾ ಕೋಣೆಗೆ ಬಂದರು.

"ಇವ್ರ ನೋಡ್ರಿ ನಾ ಹೇಳ್ತಿದ್ದ ಕಾಕಾ. ಹ್ವಾದ ವರ್ಷ ನನ್ನ ಸಲುವಾಗಿ ಸಾಹೇಬ್ರ ಕೂಡ ಮಾತಾಡಿದವ್ರು." ಮಗಳ ಬೆನ್ನು ತಟ್ಟಿ, "ನಮಸ್ಕಾರ ಮಾಡವ್ವಾ, ಅಜ್ಜಾರಿಗೆ" ಅಂದರು.

ಮಗು, "ನಮಸ್ತೇ ಆಜೋಬಾ" ಎಂದು ಮರಾಠಿಯಲ್ಲಿ ಹೇಳಿ ನನ್ನ ಕಾಲು ಮುಟ್ಟಿತು. ತಲೆಯ ಮೇಲೆ ಕೈಯಿಟ್ಟು ಒಳ್ಳೆಯದಾಗಲಿ ಅಂದೆ. ಬಿಸ್ಕತ್ತಿನ ತಟ್ಟೆ ಮುಂದೆ ಹಿಡಿದೆ. ಮಗು ಒಂದು ತೆಗೆದುಕೊಂಡಿತು.

ಈಗ ನಾನು ನಿವೃತ್ತನಾಗಿ ವರ್ಷಗಳಾಗಿವೆ. ಮೇಡಂ ಎಲ್ಲಿದ್ದಾರೋ ಗೊತ್ತಿಲ್ಲ. ಕನ್ನಡದಲ್ಲಿ ಬರೆದದ್ದನ್ನು ಅವರು ಬಿಡದೆ ಓದುತ್ತಿದ್ದರು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮೇಡಂ, ಅವತ್ತು ನಾನು ಸಾಹೇಬರನ್ನು ಕೇಳಲಿಲ್ಲ. ಕೇಳಿದ್ದರೆ ಅವರು ಬೇಡ ಅನ್ನುತ್ತಿರಲಿಲ್ಲ.