ಹುಣಸೆಹಣ್ಣು ಹಾಕಿ ತೊಳೆದ ಜಪಾನಿ ಹೂದಾನಿ

ಹೂದಾನಿಯನ್ನು ಹುಣಸೆಹಣ್ಣು, ಉಪ್ಪು ಹಾಕಿ ಚೆನ್ನಾಗಿ ಉಜ್ಜಿ, ತೊಳೆದು, ಒರೆಸಿ, ಕಿಟಕಿಯ ಹತ್ತಿರ ಇಟ್ಟೆ. ಬಿಸಿಲು ಬಿದ್ದ ಕೂಡಲೇ ಬಂಗಾರದ ಹಾಗೆ ಹೊಳೆಯಿತು.

ಬರ್ಟಿಲ್ ಅಜ್ಜ ನೋಡಿದರೆ ಎಷ್ಟು ಖುಷಿಪಡುತ್ತಾರೋ ಎಂದು ಬಾಗಿಲ ಕಡೆಯೇ ಕಿವಿ ಇಟ್ಟು ಕಾದೆ...

ನಾವು ಸ್ವೀಡನ್ನಿನ ಎಸ್ಕಿಲ್‌ಸ್ಟುನಾಗೆ ಬಂದು ಆಗ ಎರಡು ವರ್ಷವಾಗಿತ್ತು. ನಮ್ಮವರಿಗೆ ಫ್ಯಾಕ್ಟರಿಯಲ್ಲಿ ವೆಲ್ಡಿಂಗ್ ಕೆಲಸ. ನಾನು ಓದಿದ್ದು ಐದನೇ ಕ್ಲಾಸ್, ಯಾರ ಜೊತೆ ಮಾತಾಡಲೂ ಹೆದರಿಕೆ. ವಾರಕ್ಕೆ ಎರಡು ದಿನ ಈ ಅಜ್ಜನ ಮನೆ ಕ್ಲೀನ್ ಮಾಡಲು ಹೋಗುತ್ತಿದ್ದೆ.

ಹೆಸರು ಹಿಡಿದೇ ಕರಿ ಎಂದು ಮೊದಲ ದಿನವೇ ಹೇಳಿದ್ದರು. ಎಂಬತ್ತು ದಾಟಿದವರನ್ನು ಹಾಗೆ ಕರೆಯುವುದು ಹೇಗೆ? ನಾನು ಕರೆಯುತ್ತಲೇ ಇರಲಿಲ್ಲ. ಏನಾದರೂ ಕೇಳಬೇಕಿದ್ದರೆ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೆ. ಪಾಪ, ನನಗೆ ಸದಾ ಶೀತ ಎಂದುಕೊಂಡು ಜೇನುತುಪ್ಪ ಹಾಕಿ ಟೀ ಕೊಡುತ್ತಿದ್ದರು.

ಅವರ ಮನೆ ತುಂಬಾ ಜಪಾನಿನ ಹಳೆಯ ಸಾಮಾನು. ನೀಲಿ ಹೂವಿನ ಪಿಂಗಾಣಿ ತಟ್ಟೆಗಳು, ಕಪ್ಪು ಮೆರುಗಿನ ಪೆಟ್ಟಿಗೆಗಳು, ಕಬ್ಬಿಣದ ಪಟ್ಟಿ ಹೊಡೆದ ದೊಡ್ಡ ಮರದ ಬೀರು, ಕಂಚಿನ ಏಳೆಂಟು ವಸ್ತುಗಳು. ಹರೆಯದಲ್ಲಿ ಹಡಗಿನ ಕೆಲಸಕ್ಕಿದ್ದಾಗ ಅಜ್ಜ ಮೊಟ್ಟಮೊದಲು ಕೊಂಡದ್ದು ಈ ಕಂಚಿನ ಹೂದಾನಿ. ಮೈಮೇಲೆ ಎರಡು ಮೀನು. ಬಣ್ಣ ಮಾತ್ರ ಹಂಚಿನ ತಳದ ಹಾಗೆ ಕಪ್ಪು.

ಮದುವೆ ಇಲ್ಲ, ಮಕ್ಕಳಿಲ್ಲ. ತನ್ನ ನಂತರ ಇದೆಲ್ಲ ಚದುರಿ ಹೋಗಬಾರದು, ಒಂದೇ ಕಡೆ ಇರಬೇಕು ಎನ್ನುವುದೊಂದೇ ಅವರ ಆಸೆ. ಆ ಶನಿವಾರ ಮ್ಯೂಸಿಯಂನಿಂದ ಒಬ್ಬರು ನೋಡಲು ಬರುವವರಿದ್ದರು. ಒಪ್ಪಿದರೆ ಎಲ್ಲವೂ ಮ್ಯೂಸಿಯಂಗೆ.

ನನಗೆ ಅದು ಹೆಣ್ಣು ನೋಡಲು ಬರುವವರ ಹಾಗೆ ಕಂಡಿತು. ಮನೆ ಲಕಲಕ ಅನ್ನಬೇಡವೇ?

ಸಾಮಾನಿಗೆಲ್ಲ ಬರೀ ಬ್ರಷ್, ನೀರು ಮುಟ್ಟಿಸಬೇಡ ಎಂದು ಅವರು ಹೇಳಿದ್ದು ನಿಜ. ಅದು ಒಡೆಯುವ ಸಾಮಾನಿಗೆ ಎಂದುಕೊಂಡೆ. ಕಂಚು ಒಡೆಯುತ್ತದೆಯೇ? ಗುರುವಾರ ಅವರು ಕಣ್ಣಿನ ಡಾಕ್ಟರ ಹತ್ತಿರ ಹೋದಾಗ, ಊರಿಂದ ತಂದ ಹುಣಸೆಹಣ್ಣು ನೆನೆಸಿ ಕೂತೆ. ಕಪ್ಪು ಹೋಗಿ ಹಳದಿ ಕಂಡ ಹಾಗೆ ಕೈಗೆ ಇನ್ನೂ ಹುಮ್ಮಸ್ಸು.

ಅಜ್ಜ ಬಂದರು. ಮನೆಯೊಳಗೆ ಎಂದೂ ಶೂ ಹಾಕದ ಮನುಷ್ಯ, ಶೂ ಸಮೇತ ಒಳಗೆ ಬಂದು ಕುರ್ಚಿಯಲ್ಲಿ ಕೂತುಬಿಟ್ಟರು.

ಹೂದಾನಿಯ ಕಡೆ ಕೈ ತೋರಿಸಿ, ಏನು ಹಾಕಿ ತೊಳೆದೆ ಎಂದು ಕೇಳಿದರು. ಹುಣಸೆಹಣ್ಣಿಗೆ ಸ್ವೀಡಿಷ್‌ನಲ್ಲಿ ಏನೆನ್ನುತ್ತಾರೋ ಗೊತ್ತಿರಲಿಲ್ಲ. ಉಳಿದ ಉಂಡೆಯನ್ನೇ ತಂದು ಮೇಜಿನ ಮೇಲೆ ಇಟ್ಟೆ. ಅವರು ಮೂಸಿದರು. ನಾಲಿಗೆಗೆ ಹಚ್ಚಿ ಮುಖ ಕಿವುಚಿದರು.

ಆಮೇಲೆ ನನಗೆ ತಿಳಿಯುವ ಹಾಗೆ ಒಂದೊಂದೇ ಶಬ್ದ ಬಿಡಿಸಿ ಹೇಳಿದರು.

"ಅದು ಕೊಳೆ ಅಲ್ಲ. ಮಾಡಿದವನೇ ಕಾಯಿಸಿ, ಔಷಧಿ ಹಚ್ಚಿ ತಂದ ಬಣ್ಣ. ಆಮೇಲೆ ನೂರು ವರ್ಷ ಅದರ ಮೇಲೇ ಕೂತು ಕೂತು ಗಟ್ಟಿಯಾಗಿತ್ತು."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಅತ್ತುಕೊಂಡು ಹೇಳಿದರೆ ನಮ್ಮವರಿಗೆ ಮೊದಲು ನಗು. "ಏನೇ, ಚೌತಿ ಹಬ್ಬಕ್ಕೆ ದೇವರ ದೀಪ ತೊಳೆದ ಹಾಗೆ ತೊಳೆದುಬಿಟ್ಯಾ?" ಎಂದರು. ನನ್ನ ಮುಖ ನೋಡಿದ ಮೇಲೆ ಊಟ ತಾವೇ ಬಡಿಸಿದರು.

ಶನಿವಾರ ಕಾಫಿ ಮಾಡಲು ಬಾ ಎಂದು ಅಜ್ಜ ಮೊದಲೇ ಹೇಳಿದ್ದರು. ಹೋಗುವುದೋ ಬೇಡವೋ... ಹೋದೆ.

ಮ್ಯೂಸಿಯಂನ ಹೆಂಗಸು ಬಿಳಿ ಗ್ಲೌಸ್ ಹಾಕಿಕೊಂಡು ತಟ್ಟೆಗಳನ್ನು ಮಗುವಿನ ಹಾಗೆ ಎತ್ತಿ ನೋಡಿದರು. ಬೀರುವಿನ ಎಲ್ಲ ಡ್ರಾಯರ್ ಎಳೆದು ನೋಡಿದರು, ಬಹಳ ಮೆಚ್ಚಿದರು. ನಾನು ಅಡುಗೆಮನೆಯಲ್ಲಿ ಕಪ್ ಜೋಡಿಸುತ್ತಾ ಕೇಳುತ್ತಿದ್ದೇನೆ. ಅವರ ಹೆಜ್ಜೆ ಕಿಟಕಿಯ ಹೂದಾನಿಯ ಹತ್ತಿರ ನಿಂತಿತು.

"ಇದನ್ನ ಹೀಗೆ ಮಾಡಿದ್ದು ಯಾರು?"

ನಾನು ಕೈಯಲ್ಲಿದ್ದ ಕಪ್ ಕೆಳಗಿಟ್ಟೆ.

"ನಾನೇ," ಎಂದರು ಅಜ್ಜ. "ನೀವು ಬರ್ತೀರಿ ಅಂತ ಚಂದ ಮಾಡೋಕೆ ಹೋದೆ. ವಯಸ್ಸಾಯ್ತು ನೋಡಿ."

 ಅಲ್ಲಿಂದ ಮುಂದೆ ಆ ಹೆಂಗಸು ನೋಡುವ ರೀತಿಯೇ ಬದಲಾಯಿತು. ಕಂಚಿನ ಒಂದೊಂದನ್ನೂ ತಿರುಗಿಸಿ, ಇದನ್ನೂ ತೊಳೆದಿದ್ದೀರಾ, ಇದಕ್ಕೇನು ಹಾಕಿದ್ದೀರಿ ಎಂದು ಕೇಳುತ್ತಾ ಹೋದರು. ಇಲ್ಲ ಎಂದು ಅಜ್ಜ ಹೇಳಿದಷ್ಟೂ ಅವರಿಗೆ ನಂಬಿಕೆ ಬರಲಿಲ್ಲ. ಐವತ್ತು ವರ್ಷದಿಂದ ಅವುಗಳ ಮೇಲೆ ಉಗುರು ತಾಗದ ಹಾಗೆ ನೋಡಿಕೊಂಡವರು, ಸ್ಕೂಲ್ ಹುಡುಗನ ಹಾಗೆ ಉತ್ತರ ಕೊಡುತ್ತಾ ನಿಂತಿದ್ದರು.

ಪಿಂಗಾಣಿ, ಪೆಟ್ಟಿಗೆ, ಬೀರು ಮ್ಯೂಸಿಯಂಗೆ ಎಂದಾಯಿತು. ಕಂಚಿನ ಸಾಮಾನು ಒಂದೂ ಬೇಡ ಎಂದರು.

ಅವರು ಹೋದ ಮೇಲೆ ಕಾಫಿ ಕಪ್ ಎತ್ತಲು ಹೋದೆ. ಯಾಕೆ ಹಾಗೆ ಹೇಳಿದಿರಿ ಎಂದು ಹೇಗೋ ಕೇಳಿಬಿಟ್ಟೆ. ಅಜ್ಜ ಹೂದಾನಿಯ ಕಡೆಯೇ ನೋಡುತ್ತಾ ಹೇಳಿದರು.

"ಊರು ಚಿಕ್ಕದು. ಹಳೇ ಸಾಮಾನು ಇಟ್ಟಿರೋರೆಲ್ಲ ಒಬ್ಬರಿಗೊಬ್ಬರು ಗೊತ್ತು. ನಾಳೆ ನಿನ್ನ ಯಾರು ಮನೆ ಕೆಲಸಕ್ಕೆ ಕರೀತಾರೆ?"

ಅವರ ಸಾಮಾನು ಎರಡು ಪಾಲಾಗಿದ್ದು ಹೂದಾನಿಯಿಂದಲ್ಲ. ಅವರೇ ಉಜ್ಜಿದ್ದು ಎಂದಾದದ್ದರಿಂದ. ಕೆಲಸದವಳು ತಿಳಿಯದೆ ಒಂದನ್ನು ತೊಳೆದಳು ಎಂದು ಗೊತ್ತಾಗಿದ್ದರೆ ಉಳಿದವಾದರೂ ಜೊತೆಗೇ ಹೋಗುತ್ತಿದ್ದವು. ಇದು ನನಗೆ ಅಡುಗೆಮನೆಯಲ್ಲಿ ನಿಂತಾಗಲೇ ಅರ್ಥವಾಗಿತ್ತು.

"ನಾನು ಮಾಡಿದ್ದು" ಎನ್ನಲು ಬೇಕಾದಷ್ಟು ಸ್ವೀಡಿಷ್ ನನಗೆ ಆಗಲೇ ಬರುತ್ತಿತ್ತು. ಬಾಗಿಲು ನಾಲ್ಕು ಹೆಜ್ಜೆ ದೂರದಲ್ಲಿತ್ತು.

ನೀವಾಗಿದ್ದರೆ ಹೊರಗೆ ಬರುತ್ತಿದ್ದಿರಾ?