ಹುರುಳಿ ಮೇಲೆ ಮ್ಯಾರಥಾನ್

ಗೆಳೆಯರೇ, ಕಣ್ಣಾಸ್ಪತ್ರೆಯ ನೆರವಿಗಾಗಿ ನಡೆಯುವ ಮ್ಯಾರಥಾನ್‌ಗೆ ಅಭ್ಯಾಸ ಮಾಡುತ್ತಿದ್ದ ನನಗೆ ಇವತ್ತು ಅಗರದ ಹತ್ತಿರ ಕಾಲು ಸೋತು, ಬಿಟ್ಟೇಬಿಡೋಣ ಅನ್ನಿಸಿತು. ಗೆಳೆಯರಾದ ಮಾದೇಶ, ಸಿದ್ದರಾಜು ನೀರು ಹಿಡಿದು ಸೈಕಲ್ಲಿನಲ್ಲಿ ಹಿಂದೆಯೇ ಇದ್ದರು. ಬಸ್ಸು, ಲಾರಿ ಹರಿದು ಕಾಳು ಉದುರಲಿ ಎಂದು ಅಜ್ಜಿಯೊಬ್ಬರು ರಸ್ತೆಗೆ ಹುರುಳಿ ಗಿಡ ಹರಡಿದ್ದರು. ನಾನು ಪಕ್ಕಕ್ಕೆ ಸರಿದೆ.

"ಯಾಕ್ಲಾ ಅತ್ಲಾಗೆ ಓಯ್ತೀಯ? ಎಂಗೂ ಓಡ್ತಿದ್ದೀಯ, ಇದ್ರ ಮ್ಯಾಲೇ ಓಡು" ಎಂದು ಅಜ್ಜಿ ಗದರಿದರು.

"ಆಗಕಿಲ್ಲ ಕಣಜ್ಜಿ, ಸಾಕಾಗೋಯ್ತು" ಎಂದೆ.

"ನಾವೂ ಓಡ್ತೀವಿ ಬಾರ್ಲಾ" ಎಂದು ಮಾದೇಶ ಸೈಕಲ್ ನಿಲ್ಲಿಸಿ ನನ್ನ ಕೈ ಎಳೆದ. ಹುರುಳಿ ಮುಗಿಯುವವರೆಗೂ ಮೂವರೂ ಓಡಿದೆವು. ಆಮೇಲೆ ನಿಲ್ಲಲು ಮನಸ್ಸಾಗದೆ ನಾನು ಮುಂದಿನ ಊರು ಮಾಂಬಳ್ಳಿವರೆಗೂ ಓಡಿಬಿಟ್ಟೆ.

ಈ ಇಬ್ಬರ ಋಣ ದೊಡ್ಡದು. ನಾಳೆ ಅಜ್ಜಿ ರಾಗಿ ಹರಡುತ್ತಾರಂತೆ. ಅದರ ಮೇಲೂ ಓಡಲು ನಾನು ಬರುತ್ತೇನೆಂದು ಈ ಗೆಳೆಯರೇ ಅಜ್ಜಿಗೆ ಮಾತು ಕೊಟ್ಟು ಬಂದಿದ್ದಾರೆ.