ಸಾಹೇಬನ ಕಿವಿಯ ಅಳತೆ

ವಿಮಾನದಲ್ಲಿ ಪರದೇಶಕ್ಕೆ ಹೋಗುವ ನಾಯಿ, ಬೆಕ್ಕುಗಳಿಗೆ ಮರದ ಪೆಟ್ಟಿಗೆ ಮಾಡಿಕೊಡುವ ಬಡಗಿ ಆ ಊರಿಗೆಲ್ಲ ಒಬ್ಬನೇ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಪೆಟ್ಟಿಗೆ ಮಾವ. ಟೇಪು ಮೂರು ಸಲ ಹಿಡಿಯುತ್ತಾನೆ, ಗರಗಸ ಒಂದೇ ಸಲ. "ನನ್ನ ಅಳತೆ ತಪ್ಪಿದ್ದು ತೋರಿಸಿ, ಮೀಸೆ ಬೋಳಿಸ್ತೀನಿ" ಎನ್ನುವುದು ಅವನ ಪಂಥ. ಮೀಸೆಯೂ ಅಂಥಿಂಥದ್ದಲ್ಲ ಬಿಡಿ.

ಎದುರು ಸಾಲಿನ ಟೈಲರಮ್ಮ, ಕಡಲಾಚೆಯ ಅಕ್ಕನ ಜೊತೆ ಸೇರಿ ಅಂಗಡಿ ಇಡಲು ಹೊರಟಿದ್ದಳು. ಜೊತೆಗೆ ಅವಳ ನಾಯಿ. ಎರಡೂ ಕಿವಿ ನೆಟ್ಟಗೆ ನಿಲ್ಲಿಸಿ, ಊರಿನವರ ದೂರು ಕೇಳುವಂತೆ ಕೂರುವುದರಿಂದ ಅದಕ್ಕೆ ಸಾಹೇಬ ಎಂದೇ ಹೆಸರು. ಚುಚ್ಚುಮದ್ದು, ಪಶುವೈದ್ಯರ ಪತ್ರ ಎಲ್ಲ ಮುಗಿದಿತ್ತು. ಇನ್ನು ಪೆಟ್ಟಿಗೆಯೊಂದೇ. ಒಳಗೆ ನಿಂತಾಗ ಕಿವಿಯ ತುದಿ ಚಾವಣಿಗೆ ತಾಗಿದರೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. "ಅವನು ಬರದಿದ್ರೆ ನಾನೂ ಹೋಗಲ್ಲ" ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಪೆಟ್ಟಿಗೆ ನೋಡಲು ಬಂದಳು. ಸಾಹೇಬ ಹೆದರುತ್ತಲೇ ಒಳಹೊಕ್ಕ. ಹೇಳಿ ಮಾಡಿಸಿದ ಹಾಗಿತ್ತು. ಮಾವ ಮೀಸೆ ತಿರುವಿದ.

"ಸಾಹೇಬಾ, ಹೊರಡೋಣ್ವಾ?" ಎಂದಳು ಟೈಲರಮ್ಮ.

ಕಿವಿ ಎದ್ದವು. ಎದ್ದು ಹಲಗೆಗೆ ಬಡಿದು ಬಾಗಿದವು.

"ಮಾವ, ತಾಗ್ತಿದೆ."

"ಆಗೋ ಮಾತಾ? ಮೂರು ಸಲ ಅಳೆದಿದ್ದೀನಿ."

"ಅಳೆಯುವಾಗ ಕಿವಿ ಹೇಗಿತ್ತು?"

ಮಾವನಿಗೆ ಅಳತೆಯ ದಿನ ನೆನಪಾಯಿತು. ಅವಳು ಟಿಕೆಟ್ಟಿಗೆಂದು ಓಡಿದ್ದ ಆ ದಿನ, ಗರಗಸದ ಸದ್ದಿಗೆ ನಾಯಿ ಕಿವಿ ಮಡಚಿ, ಬಾಲ ಮುದುರಿ ನಿಂತಿತ್ತು. ಮೂರು ಸಲವೂ ಅವನು ಅಳೆದದ್ದು ಹೆದರಿದ ನಾಯಿಯನ್ನು. ನಾಚಿಕೆಯಾಯಿತು. ನಾಚಿಕೆಯಾದಾಗ ಸಿಡುಕುವುದು ಅವನ ಹುಟ್ಟುಗುಣ.

"ನಾಳೆ ನೀನು ಮಾತಾಡಿಸ್ಬೇಡ, ಅಷ್ಟೆ. ಕಿವಿ ಏಳೋದೇ ಇಲ್ಲ."

"ಅಷ್ಟು ದೂರ ಹೆದರ್ಕೊಂಡೇ ಬರ್ಲಾ ಅವನು?"

ಮಾವ ಮತ್ತೆ ಟೇಪು ಕೈಗೆತ್ತಿಕೊಂಡ.

"ಟೇಪು ಕಂಡ ಕೂಡ್ಲೇ ಎಲ್ರೂ ಉಸಿರು ಬಿಗಿಹಿಡೀತಾರೆ ಮಾವ. ನನ್ನ ಗಿರಾಕಿಗಳನ್ನ ನಾನು ಮೊದಲು ನಗಿಸ್ತೀನಿ. ಆಮೇಲೆ ಅಳತೆ."

ಅವನು ಗರಗಸದ ಯಂತ್ರ ನಿಲ್ಲಿಸಿ, ಚಾವಣಿಯ ತಿರುಪು ಬಿಚ್ಚಿದ. "ಹೂಂ, ನಗಿಸಮ್ಮ ನಿನ್ನ ಸಾಹೇಬನನ್ನ." ಈ ಸಲ ಒಂದೇ ಅಳತೆ. ಸಂಜೆಯೊಳಗೆ ಸುತ್ತಲೂ ಹೊಸ ಪಟ್ಟಿ ಕೂತು ಚಾವಣಿ ಆರು ಬೆರಳು ಮೇಲೇರಿತು. ಪಟ್ಟಿಯ ಬಣ್ಣ ಮಾತ್ರ ಹೊಂದಲಿಲ್ಲ.

"ತೇಪೆ ಹಾಕೋದು ನನ್ನ ಕಸುಬಲ್ವಾ ಮಾವ?" ಎಂದು ಅವಳು ಕಾಲೆಳೆದಳು. ಮೀಸೆಯ ಮಾತನ್ನು ಪಾಪ, ಎತ್ತಲಿಲ್ಲ.

ಮರುದಿನ ಮಾವನೂ ವಿಮಾನ ನಿಲ್ದಾಣಕ್ಕೆ ಹೋದ. ತಳ್ಳುಗಾಡಿಗಳ ಗದ್ದಲಕ್ಕೆ ನಾಯಿ ಕಿವಿ ಮಡಚಿ ನಿಂತಿತ್ತು. ತಪಾಸಣೆಯವನು ಒಳಗೆ ಇಣುಕಿ, "ಸರಿಯಿದೆ" ಎಂದು ಮುದ್ರೆ ಎತ್ತಿದ. ಸುಮ್ಮನಿದ್ದರೆ ಕೆಲಸ ಮುಗಿದಿತ್ತು.

"ಒಂದು ನಿಮಿಷ" ಎಂದ ಮಾವ. ಜಾಲರಿಯ ಮುಂದೆ ಮಂಡಿಯೂರಿ ಕೂತು, "ಸಾಹೇಬಾ, ಹೊರಡೋಣ್ವಾ?" ಎಂದ.

ಕಿವಿ ಎರಡೂ ನೆಟ್ಟಗೆ ನಿಂತವು. ಯಾವುದಕ್ಕೂ ತಾಗಲಿಲ್ಲ.

"ಈಗ ಒತ್ತಿ ಸಾರ್" ಎಂದ ಮಾವ.